ಮಾವನವರ ಬದಿಯ ಕಿಟಕಿ

ಪೂರ್ತಿ ಕೆಟ್ಟುಹೋದ ವಸ್ತುಗಳ ಮೇಲೆ ನನಗೆ ಬಹಳ ಗೌರವ. ಅವು ತಮ್ಮ ಕತೆ ಮುಗಿಯಿತೆಂದು ನೇರವಾಗಿ ಹೇಳಿ ಸುಮ್ಮನಾಗುತ್ತವೆ. ನಾವೂ ಅವನ್ನು ಅಟ್ಟಕ್ಕೆ ಏರಿಸಿಯೋ ಗುಜರಿಯವನ ತಕ್ಕಡಿಗೆ ಹಾಕಿಯೋ ನಮ್ಮ ಪಾಡಿಗೆ ನಾವು ಇರಬಹುದು. ಜೀವ ತಿನ್ನುವುದು ಅರ್ಧ ಕೆಟ್ಟ ವಸ್ತುಗಳು. ನಮ್ಮ ಮನೆಯ ಮಿಕ್ಸರ್ ನನ್ನ ಹೆಂಡತಿ ಗಿರಿಜಾ ಗುಂಡಿ ಒತ್ತಿದರೆ ತಿರುಗುತ್ತದೆ, ನಾನು ಒತ್ತಿದರೆ ಗುರ್ ಎಂದು ಬೈದು ಸುಮ್ಮನಾಗುತ್ತದೆ. ನಾನು ಕೆಲಸ ಮಾಡುವ ಕೊಪ್ಪಳದ ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಕುರ್ಚಿಯ ಮೇಲೊಂದು ಫ್ಯಾನಿದೆ. ಅದು ದಿನವಿಡೀ ನಿಂತಿದ್ದು, ಎಲೆಕ್ಟ್ರಿಷಿಯನ್ ಒಳಗೆ ಕಾಲಿಟ್ಟ ಕೂಡಲೇ ಕಾಗದಗಳೆಲ್ಲ ಹಾರುವಂತೆ ತಿರುಗತೊಡಗುತ್ತದೆ. ಅವನು ನನ್ನ ಮುಖ ನೋಡುತ್ತಾನೆ, ನಾನು ಫ್ಯಾನಿನ ಮುಖ ನೋಡುತ್ತೇನೆ. ಅವನು ಬಾಗಿಲು ದಾಟಿದ ಮೇಲೆ ಅದು ನಿಧಾನವಾಗಿ ನಿಂತುಹೋಗುತ್ತದೆ. ‘ಸದ್ದು ಮಾಡಬೇಡಿ’ ಎಂದು ಇಷ್ಟು ವರ್ಷ ಹೇಳುತ್ತ ಬಂದ ನನ್ನ ಮಾತನ್ನು ಹುಡುಗರೇ ಕೇಳಿಲ್ಲ. ಯಂತ್ರಗಳು ಕೇಳಬೇಕೆಂದು ಬಯಸುವುದು ನನ್ನದೇ ತಪ್ಪು.

ಇಷ್ಟೆಲ್ಲ ಹೇಳಿದ್ದು ನನ್ನ ಕಾರಿನ ಎಡಬದಿಯ ಮುಂದಿನ ಕಿಟಕಿಯ ವಿಷಯಕ್ಕೆ ಬರುವುದಕ್ಕಾಗಿ. ಈ ಕಾರು ಬೇರೊಬ್ಬರು ಬೇಕಾದಷ್ಟು ಓಡಿಸಿ ದಣಿಸಿದ್ದು. ಕುಷ್ಟಗಿಯ ಒಬ್ಬ ಗುತ್ತಿಗೆದಾರರು ಅದನ್ನು ನನಗೆ ಮಾರುವಾಗ ಹೇಳಿದ್ದರು: “ಸರ್, ಇದರಾಗ ಎಲ್ಲಾ ಪವರ್ ಐತ್ರಿ. ಸ್ಟೇರಿಂಗ್ ಪವರ್, ಕಿಡಕಿ ಪವರ್. ನೀವು ಬರೇ ಕುಂದರೂದು.” ಅದಕ್ಕೂ ಮುಂಚೆ ನನ್ನ ಹತ್ತಿರ ಇದ್ದ ಕಾರಿನಲ್ಲಿ ಗಾಜು ಇಳಿಸಲು ಹಿಡಿಕೆ ತಿರುಗಿಸಬೇಕಿತ್ತು. ಆ ಹಿಡಿಕೆ ಆಗಾಗ ಕೈಗೇ ಕಿತ್ತು ಬರುತ್ತಿದ್ದದ್ದು ನಿಜ. ಆದರೆ ಕೈಗೆ ಬಂದರೆ ಏನು ಕೆಟ್ಟಿದೆ ಎಂದು ಕೈಗೇ ಗೊತ್ತಾಗುತ್ತಿತ್ತು. ಗುಂಡಿಯ ಕಿಟಕಿಯಲ್ಲಿ ಆ ಸುಖವಿಲ್ಲ. ಆದರೂ ಮೊದಮೊದಲು ನನಗೆ ಅದರ ಹೆಮ್ಮೆ ಎಷ್ಟಿತ್ತೆಂದರೆ, ಸಂಜೆ ಹೊತ್ತು ಮನೆಯ ಮುಂದೆ ನಿಂತ ಕಾರಿನಲ್ಲಿ ಕೂತು ಸುಮ್ಮನೆ ಗಾಜುಗಳನ್ನು ಇಳಿಸಿ ಏರಿಸಿ ಮಾಡುತ್ತಿದ್ದೆ. ಓಣಿಯ ಜನ ನೋಡಲಿ ಎಂಬ ಆಸೆ. ಗಿರಿಜಾ ಬಾಗಿಲಲ್ಲಿ ನಿಂತು, “ಅದರಾಗ ಕುಂತು ಎಲ್ಲಿಗರ ಹೋಗ್ತೀರೋ, ಇಲ್ಲಾ ಬರೇ ಗ್ಲಾಸ್ ಆಡಸ್ತೀರೋ?” ಎಂದು ಕೇಳುತ್ತಿದ್ದಳು.

ಎಡಬದಿಯ ಆ ಮುಂದಿನ ಸೀಟು ನನ್ನ ಮಾವ ಮಲ್ಲಪ್ಪನವರದು. ಅವರು ಯಲಬುರ್ಗಾ ತಾಲ್ಲೂಕಿನ ಮಂಗಳೂರಿನವರು. ಮಂಗಳೂರು ಎಂದ ಕೂಡಲೇ ಯಾರೂ ಸಮುದ್ರ ನೆನೆಯಬಾರದು. ಈ ಮಂಗಳೂರಿನಲ್ಲಿ ಕಣ್ಣು ಹಾಯುವಷ್ಟೂ ಜೋಳ. ಮಲ್ಲಪ್ಪನವರು ನನ್ನ ತಾಯಿಯ ಒಡಹುಟ್ಟಿದ ಅಣ್ಣ, ಗಿರಿಜಾಳ ಹೆತ್ತ ತಂದೆ. ಅಂದರೆ ಹುಟ್ಟಿನಿಂದಲೂ ಮಾವ, ಮದುವೆಯಿಂದಲೂ ಮಾವ. ಅಂಥವರ ಮುಂದೆ ಅಳಿಯನಾದವನು ಎರಡು ಪಟ್ಟು ತಗ್ಗಿ ನಡೆಯಬೇಕು. ನಾನು ಚಿಕ್ಕವನಿದ್ದಾಗ ಅವರು ನನ್ನನ್ನು “ಲೇ ಈರ್ಯಾ” ಎಂದು ಕರೆಯುತ್ತಿದ್ದರು. ತಾಳಿ ಕಟ್ಟಿದ ಮರುಗಳಿಗೆಯಿಂದ “ಬರ್ರಿ ಅಳಿಯಂದ್ರ, ಕುಂದರ್ರಿ ಅಳಿಯಂದ್ರ” ಎಂದು ಶುರುವಾಯಿತು. ನನಗೆ ಎಷ್ಟೋ ದಿನ ಅವರು ನನ್ನ ಹಿಂದೆ ನಿಂತ ಬೇರೆ ಯಾರಿಗೋ ಹೇಳುತ್ತಿದ್ದಾರೆ ಅನ್ನಿಸಿ ತಿರುಗಿ ನೋಡುವಂತಾಗುತ್ತಿತ್ತು. ಸಿಟ್ಟು ಬಂದಾಗ ಮಾತ್ರ ಹಳೆಯ ಹೆಸರು ಹೊರಗೆ ಬರುತ್ತದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ತಾಲ್ಲೂಕುಗಳಲ್ಲಿ ನಮ್ಮ ಬಂಧುಬಳಗದ ಯಾವ ಮದುವೆಯ ಮಾತುಕತೆಯೂ ಮಾವನವರಿಲ್ಲದೆ ಮುಗಿಯುವುದಿಲ್ಲ. ಅವರನ್ನು ಅಲ್ಲಿಗೆಲ್ಲ ಕರೆದೊಯ್ಯುವ ಭಾಗ್ಯ ನನ್ನ ಕಾರಿನದು. ಹತ್ತಿ ಕೂತ ಕೂಡಲೇ ಅವರು ತೊಡೆಯ ಮೇಲೆ ಎಲೆ ಅಡಿಕೆಯ ಚಂಚಿ ಇಟ್ಟುಕೊಂಡು, ಗಾಜು ಪೂರ್ತಿ ಇಳಿಸಿ, ಮೊಣಕೈ ಹೊರಗೆ ಹಾಕಿ ಸಿದ್ಧರಾಗುತ್ತಾರೆ. ಆ ಕಿಟಕಿ ಅವರಿಗೆ ಗಾಳಿಗಲ್ಲ, ಮಾತಾಡಿಸುವುದಕ್ಕೆ. “ಏನ್ರಿ ಗೌಡ್ರ, ಆರಾಮ ಅದೀರೇನ್ರಿ?” “ಏ ತಂಗಿ, ಅವ್ವ ದವಾಖಾನಿಯಿಂದ ಬಂದ್ಲೇನ?” “ನಿಮ್ಮ ಕಡೆ ಮಳಿ ಹೆಂಗ್ರಿ?” ಪ್ರತಿ ಕ್ರಾಸಿನಲ್ಲಿ, ಪ್ರತಿ ಚಹಾದಂಗಡಿಯ ಮುಂದೆ ನಾನು ಗಾಡಿ ನಿಧಾನ ಮಾಡಬೇಕು. ತಳಕಲ್ ದಾಟುವಷ್ಟರಲ್ಲಿ ನನಗೆ ಅರ್ಧ ಊರಿನ ಮಂಡಿನೋವಿನ ಸಮಾಚಾರ ತಿಳಿದಿರುತ್ತದೆ. ಒಮ್ಮೆ ಧೂಳು ಹೆಚ್ಚಾಗಿ ಗಾಜು ಏರಿಸೋಣವೇ ಎಂದು ಕೇಳಿದ್ದಕ್ಕೆ, “ಗ್ಲಾಸ್ ಏರಿಸ್ಕೊಂಡು ಹೋಗಾಂವ ಒಂದು ದೊಡ್ಡ ಸಾಹೇಬ ಇರಬೇಕ್ರಿ, ಇಲ್ಲಾ ಏನರ ತಪ್ಪು ಮಾಡಿ ಮಕಾ ಮುಚ್ಕೊಂಡು ಹೊಂಟಿರಬೇಕು. ನಾವು ಎರಡೂ ಅಲ್ಲ” ಎಂದಿದ್ದರು.

ಇಂಥ ಕಿಟಕಿ ಬೇಸಿಗೆಯ ಹೊತ್ತಿಗೆ ಕೆಡತೊಡಗಿತು. ಮೊದಲು ಗಾಜು ಇಳಿಯುವಾಗ ಮೊಣಕಾಲು ನೋವಿನವರು ಮೆಟ್ಟಿಲು ಇಳಿದಂತೆ ನಿಂತು ನಿಂತು ಇಳಿಯುತ್ತಿತ್ತು. ಆಮೇಲೆ ಗುಂಡಿ ಒತ್ತಿದರೆ ಬಾಗಿಲಿನ ಒಳಗೆ ಗುಂಯ್ ಎಂದು ಸದ್ದು ಬರುತ್ತಿತ್ತೇ ಹೊರತು ಗಾಜು ಅಲುಗುತ್ತಿರಲಿಲ್ಲ. ಬೆಳಿಗ್ಗೆ ಇಳಿದರೆ ಮಧ್ಯಾಹ್ನ ಇಳಿಯದು. ನಾನು ಗ್ರಂಥಪಾಲಕನ ಬುದ್ಧಿಯಂತೆ ಈ ವಿಷಯದಲ್ಲಿ ಲಭ್ಯವಿರುವ ಅಭಿಪ್ರಾಯಗಳನ್ನೆಲ್ಲ ಸಂಗ್ರಹಿಸಿದೆ. ಫ್ಯೂಸ್ ಹೋಗಿದೆ ಎಂದರು ಭೌತಶಾಸ್ತ್ರದವರು. ಎಲ್ಲವೂ ಒತ್ತಡದಿಂದ ಎಂದರು ಮನಶ್ಶಾಸ್ತ್ರದವರು. ಅವರು ನನ್ನ ಬಗ್ಗೆ ಹೇಳಿದರೋ ಗಾಜಿನ ಬಗ್ಗೆಯೋ ತಿಳಿಯಲಿಲ್ಲ. ಗಿರಿಜಾ ದೃಷ್ಟಿಯಾಗಿದೆ ಎಂದು ಮುಂದಿನ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದಳು. ನಾನು ಸ್ವಂತ ಬುದ್ಧಿಯಿಂದ ಗಾಜಿನ ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಅದರಿಂದ ಗಾಜು ಇಳಿಯಲಿಲ್ಲ. ರಸ್ತೆಯ ಧೂಳೆಲ್ಲ ಬಂದು ಅಲ್ಲಿ ನೆಲೆಸಿತು, ಕಾರಿನಲ್ಲಿ ಕೂತವರಿಗೆ ತಲೆ ಬಾಚಿಸಿಕೊಂಡ ವಾಸನೆ ಬರತೊಡಗಿತು. ಏಸಿಯ ಗ್ಯಾಸು ಹೋಗಿ ಎಷ್ಟು ಕಾಲವಾಯಿತೆಂದು ಇಲ್ಲಿ ಹೇಳುವುದಿಲ್ಲ.

ಇಷ್ಟೇ ಆಗಿದ್ದರೆ ನಾನು ಇನ್ನೊಂದು ವರ್ಷ ಅದನ್ನು ಹಾಗೇ ಓಡಿಸುತ್ತಿದ್ದೆ. ಆದರೆ ಅದೇ ದಿನಗಳಲ್ಲಿ ನನ್ನ ಮಗಳು ವಿದ್ಯಾಳ ಮದುವೆಯ ಮಾತು ನಡೆದಿತ್ತು. ವಿದ್ಯಾ ಶಾಲೆಯಲ್ಲಿ ಟೀಚರ್. ಹುಡುಗ ಮಂಜುನಾಥ ಗಂಗಾವತಿಯವನು, ಅವನೂ ಟೀಚರ್. ತರಬೇತಿಯೊಂದರಲ್ಲಿ ಪರಿಚಯವಾಗಿ ಇಬ್ಬರೂ ಒಪ್ಪಿಕೊಂಡಿದ್ದರು. ಇಬ್ಬರು ಒಪ್ಪಿದ ಮೇಲೆ ಉಳಿದದ್ದು ಇಪ್ಪತ್ತು ಜನ ಒಪ್ಪುವುದು. ಅದರಲ್ಲಿ ಮುಖ್ಯರು ಹುಡುಗನ ತಂದೆ ದೊಡ್ಡಬಸಪ್ಪನವರು. ಭತ್ತದ ವ್ಯಾಪಾರಸ್ಥರು, ದಪ್ಪ ಮೀಸೆ, ಮರ್ಯಾದೆಯ ವಿಷಯದಲ್ಲಿ ಬಹಳ ಸೂಕ್ಷ್ಮ. ಅವರನ್ನು ಒಪ್ಪಿಸುವ ಹೊಣೆ ಹೊತ್ತ ಮಾವನವರು ಎಲ್ಲವನ್ನೂ ಮುಗಿಸಿದ್ದರು. ನಿಶ್ಚಯಕ್ಕೆ ದಿನ ನೋಡುವುದೊಂದೇ ಬಾಕಿ.

ಆ ಸಮಯದಲ್ಲಿ ಒಂದು ಮಧ್ಯಾಹ್ನ ಮಾವನವರೂ ನಾನೂ ಗಂಗಾವತಿಯ ಕಡೆ ಒಂದು ಗೃಹಪ್ರವೇಶ ಮುಗಿಸಿಕೊಂಡು ವಾಪಸು ಬರುತ್ತಿದ್ದೆವು. ಹೋಳಿಗೆ ಊಟ, ಕಣ್ಣೆಳೆಯುವ ಬಿಸಿಲು, ಎಡಗಿಟಕಿಯ ಗಾಜು ಮೇಲೇರಿ ಕೂತಿತ್ತು. ಹಿಟ್ನಾಳದ ಹತ್ತಿರ ಹೆದ್ದಾರಿಯ ಬದಿಯಲ್ಲಿ ದೊಡ್ಡಬಸಪ್ಪನವರು ಬಸ್ಸಿಗೆ ಕಾಯುತ್ತ ನಿಂತಿದ್ದರು. ನಮ್ಮ ಕಾರು ಗುರುತಿಸಿ, ನಗುತ್ತ, ಎರಡೂ ಕೈ ಎತ್ತಿ ಮುಗಿದರು. ಮಾವನವರು ಗಡಬಡಿಸಿ ಗುಂಡಿ ಒತ್ತಿದರು. ಗುಂಯ್ ಎಂದಿತು. ಮತ್ತೆ ಒತ್ತಿದರು, ಅಂಗೈಯಿಂದ ಗಾಜು ಬಡಿದರು. ಕೂಗೋಣವೆಂದರೆ ಬಾಯಿ ತುಂಬ ಎಲೆ ಅಡಿಕೆಯ ರಸ. ಕೊನೆಗೆ ‘ಅಲ್ಲೇ ಇರ್ರಿ, ಮುಂದೆ ಹೋಗಿ ತಿರುಗಿ ಬರ್ತೀವಿ’ ಎನ್ನುವುದಕ್ಕೆ ಕೈ ಬೀಸಿದರು. ಒಳಗಿನಿಂದ ನೋಡಿದ ನನಗೇ ಅದು ಬಣವೆಗೆ ಬಾಯಿ ಹಾಕಿದ ಆಡನ್ನು ಓಡಿಸುವಂತೆ ಕಂಡಿತು. ನಾನು ನಿಲ್ಲಿಸೋಣವೆಂದರೆ ಬೆನ್ನಿಗೆ ಒಂದು ಲಾರಿ ಹಾರ್ನ್ ಒತ್ತುತ್ತ ಅಂಟಿಕೊಂಡಿತ್ತು. ಡಿವೈಡರ್ ಎಲ್ಲಿ ಒಡೆದಿದೆಯೋ ಅಲ್ಲಿಯವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ದೊಡ್ಡಬಸಪ್ಪನವರು ಬಸ್ಸು ಹತ್ತಿ ಹೋಗಿದ್ದರು.

ಫೋನ್ ಮಾಡಿದರೆ ಎತ್ತಲಿಲ್ಲ. ಮರುದಿನ ಮಧ್ಯಸ್ಥರ ಮೂಲಕ ಮಾತು ಬಂತು: “ನಾವು ಕೈ ಮುಗದ್ವಿ, ಅವರು ಗ್ಲಾಸ್ ಏರಿಸ್ಕೊಂಡು, ಗಲ್ಲಾ ಉಬ್ಬಿಸ್ಕೊಂಡು, ಹೋಗ್ಹೋಗು ಅಂತ ಕೈ ಬೀಸಿದ್ರು. ಹೆಣ್ಣಿನವರ ಸೊಕ್ಕು ಈಗ ಇಷ್ಟಿದ್ರ ಮುಂದ ಹೆಂಗ? ಈ ಸಂಬಂಧ ಸಾಕು.” ಗಾಜು ಕೆಟ್ಟಿದೆ ಎಂದು ನಾವು ಹೇಳಿ ಕಳಿಸಿದ್ದಕ್ಕೆ, “ಕೆಟ್ಟಿದ್ದು ಗ್ಲಾಸಲ್ಲ” ಎಂದು ಉತ್ತರ ಬಂತು. ಮಾವನವರಿಗೆ ಊಟ ಸೇರಲಿಲ್ಲ. ಊರ ಮದುವೆಗಳನ್ನೆಲ್ಲ ಕೂಡಿಸಿದ ಮನುಷ್ಯ, ಸ್ವಂತ ಮೊಮ್ಮಗಳ ಮದುವೆಯನ್ನು ಕೈ ಬೀಸಿ ಮುರಿದರು ಎಂಬ ಮಾತು ಆಗಲೇ ಕುಷ್ಟಗಿಯ ಬಳಗದವರೆಗೆ ಹೋಗಿತ್ತು. ವಿದ್ಯಾ ಮಾತ್ರ ನಗುನಗುತ್ತಲೇ ಹೇಳಿದಳು: “ಅಪ್ಪಾ, ನನಗೂ ಮಂಜುನಾಥಗೂ ಏನೂ ಜಗಳ ಇಲ್ಲ. ಜಗಳ ಇರೂದು ನಿನ್ನ ಗ್ಲಾಸಿಗೂ ಅವರಪ್ಪಗೂ. ಮೊದಲ ಅವರಿಬ್ಬರನ್ನ ಕೂಡಸು.” ಆದರೆ ಅವಳ ಕಣ್ಣುಗಳು ಕೆಂಪಾಗಿದ್ದವು. ನನಗೆ ಬಹಳ ಸಂಕಟವಾಯಿತು. ಒಂದು ಗುಂಡಿಯ ಸಲುವಾಗಿ ಮಗಳ ಮದುವೆ ನಿಲ್ಲುವುದೆಂದರೆ ಏನು?

ಮಾವನವರು ಊರಿನಿಂದಲೇ ಫೋನಿನಲ್ಲಿ ತೀರ್ಮಾನ ಕೊಟ್ಟರು: “ಅಳಿಯಂದ್ರ, ಗಾಡಿ ಒಬ್ಬ ಹೆಸರಾದ ಮಿಸ್ತ್ರಿಗೆ ತೋರಸ್ರಿ. ಗ್ಲಾಸ್ ಖರೇನ ಕೆಟ್ಟೈತಿ ಅಂತ ಅಂವ ಹೇಳ್ಲಿ. ಮುಂದಿಂದು ನಾ ನೋಡ್ಕೋತೀನಿ.”

ಕೊಪ್ಪಳದಲ್ಲಿ ಹೆಸರಾದ ಮಿಸ್ತ್ರಿ ಎಂದರೆ ಖಾಜಾಸಾಬ್. ಆ ಹೆಸರನ್ನು ಹೆಚ್ಚಾಗಿ ಹೇಳುವವರೂ ಅವರೇ. ಗಾಡಿ ಬಂದ ಕೂಡಲೇ ಬಾನೆಟ್ ಎತ್ತುವ ಸಣ್ಣಬುದ್ಧಿ ಅವರದಲ್ಲ. ಮೊದಲು ದೂರ ನಿಂತು ನೋಡುತ್ತಾರೆ. ಆಮೇಲೆ ಸುತ್ತು ಹಾಕುತ್ತಾರೆ. ಆಮೇಲೆ ಬಾಗಿಲಿಗೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಾರೆ. ನಾನು ಹೋದದ್ದು ಬೆಳಿಗ್ಗೆ. ಅವರು ಕಿವಿ ಹಚ್ಚಿಕೊಂಡೇ ಕೈ ಒಳಗೆ ಹಾಕಿ ಗುಂಡಿ ಒತ್ತಿದರು. ಗಾಜು ಬೆಣ್ಣೆಯಂತೆ ಇಳಿಯಿತು, ಬೆಣ್ಣೆಯಂತೆ ಏರಿತು.

“ಏನೂ ಆಗಿಲ್ರಿ ಸರ್. ಗಾಡಿ ಗಟ್ಟಿ ಐತಿ. ನೀವ ಒಂಚೂರು ಆರಾಮ ತಗೋರಿ.”

ನಾನು ಬಿಡಲಿಲ್ಲ. ಅವರನ್ನೇ ಆ ಸೀಟಿನಲ್ಲಿ ಕೂರಿಸಿ, ಬಿಸಿಲೇರುವವರೆಗೆ ಊರು ಸುತ್ತಿಸಿ, ಮತ್ತೆ ಗುಂಡಿ ಒತ್ತಿಸಿದೆ. ಗುಂಯ್ ಎಂದಿತು. ಖಾಜಾಸಾಬರ ಮುಖ ಅರಳಿತು. “ಹಾಂ! ಸಿಕ್ತು ನೋಡ್ರಿ. ಫ್ಯೂಸ್. ಬರೆದಿಟ್ಕೊಳ್ರಿ ಬೇಕಾದ್ರ.” ಫ್ಯೂಸ್ ಬದಲಾಯಿತು, ಗಾಜು ಅಲುಗಲಿಲ್ಲ. “ಸ್ವಿಚ್. ನಾ ಮೊದಲ ಅಂದಿದ್ದೆ.” ಹಿಂದಿನ ಬಾಗಿಲಿನ ಸ್ವಿಚ್ ಬಿಚ್ಚಿ ಮುಂದೆ ಹಾಕಿದರು. ಆದರೂ ಅಲುಗಲಿಲ್ಲ. “ಮೋಟಾರ್ ಸತ್ತೈತ್ರಿ, ಪಕ್ಕಾ. ಇದರ ಮ್ಯಾಲೆ ಮಾತ ಇಲ್ಲ.” ಅವರು ಪ್ರತಿ ಸಲ ಅಷ್ಟೇ ಖಚಿತವಾಗಿ ಹೇಳಿದರು; ನಾನೂ ಪ್ರತಿ ಸಲ ಅಷ್ಟೇ ಖಚಿತವಾಗಿ ತಲೆಯಾಡಿಸಿದೆ. ಅಷ್ಟಕ್ಕೇ ನಿಲ್ಲದೆ ಪ್ರತಿ ತೀರ್ಮಾನವನ್ನೂ ಮಾವನವರಿಗೆ ಫೋನ್ ಮಾಡಿ ತಿಳಿಸಿದೆ. ಅವರು ಅದನ್ನು ಮಧ್ಯಸ್ಥರಿಗೆ, ಮಧ್ಯಸ್ಥರು ದೊಡ್ಡಬಸಪ್ಪನವರಿಗೆ ಮುಟ್ಟಿಸುತ್ತಿದ್ದರು. ಒಂದೇ ದಿನದಲ್ಲಿ ಫ್ಯೂಸ್, ಸ್ವಿಚ್, ಮೋಟಾರ್ ಎಂದು ಮೂರು ಬಗೆಯ ಮಾತು ಕೇಳಿದರೆ ಯಾರಿಗಾದರೂ ಸಂಶಯ ಬರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿ, ಮೋಟಾರಿನಿಂದ ಗಾಜನ್ನು ಬೇರ್ಪಡಿಸಿ ಗುಂಡಿ ಒತ್ತಿದರೆ ಸತ್ತ ಮೋಟಾರು ಜರ್ರನೆ ತಿರುಗಿತು. ಖಾಜಾಸಾಬ್ ಚಹಾ ತರಿಸಿದರು. ಕುಡಿದು ಮುಗಿದ ಮೇಲೆ ಗಾಜನ್ನು ಬರಿಗೈಯಲ್ಲಿ ಇಳಿಸಲು ನೋಡಿದರು. ಅವರು ಹೊರಗಿನಿಂದ, ನಾನು ಒಳಗಿನಿಂದ ಜಗ್ಗಿದರೂ ಅದು ಗೋಡೆಯಲ್ಲಿ ಕಟ್ಟಿದಂತೆ ಕೂತಿತ್ತು. ಆಗ ಅವರು ಗಾಜು ಏರಿಳಿಯುವ ರಬ್ಬರಿನ ಸಂದಿಗೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರು. ಟಕ್ಕನೆ ಒಂದು ಬಿಳಿಯ ಹೆಕ್ಕಳೆ, ಒಣಗಿದ ಚಕ್ಕೆ, ಹಾರಿ ಬಿತ್ತು. ಎತ್ತಿ ಮೂಸಿದರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ನಾಲಿಗೆಗೂ ಮುಟ್ಟಿಸಿದರು.

“ಸುಣ್ಣ.”

“ಸುಣ್ಣವೇ?”

“ಎಲಿಗೆ ಹಚ್ಚೂ ಸುಣ್ಣ. ಮ್ಯಾಲಿಂದ ಕೆಳಗತನಾ ಗ್ವಾಡಿಗೆ ಮಾಡಿದಂಗ ಗಿಲಾವ ಆಗೇತ್ರಿ. ಮ್ಯಾಲೆ ನಿಮ್ಮ ಕೊಬ್ಬರಿ ಎಣ್ಣಿ, ಧೂಳ. ಬಿಸಲಿಗೆ ರಬ್ಬರ್ ಉಬ್ಬಿದ್ರ ಗ್ಲಾಸ್ ಸಿಕ್ಕೊಂಡ ಕುಂದರ್ತೈತಿ. ಸರ್, ನಾ ಹುಟ್ಟಿದಾಗಿಂದ ಗಾಡಿ ನೋಡಾಕತ್ತೀನಿ. ಮನಿ ಕಟ್ಟಿದಂಗ ಕಟ್ಟಿದ್ದ ಗಾಡಿ ಇದ ಒಂದ. ಈ ಸೀಟಿನ್ಯಾಗ ಯಾರು ಕುಂದರ್ತಾರ್ರಿ?”

ನನ್ನ ಕಣ್ಣ ಮುಂದೆ ಮಾವನವರ ಬಲಗೈಯ ತೋರುಬೆರಳು ಬಂದಿತ್ತು. ನಮ್ಮ ಕಡೆ ಎಲೆಗೆ ಸುಣ್ಣ ಹಚ್ಚಿದ ಮೇಲೆ ಬೆರಳಲ್ಲಿ ಉಳಿದದ್ದನ್ನು ಹತ್ತಿರದ ಕಂಬಕ್ಕೋ ಗೋಡೆಗೋ ಒರೆಸುವುದು ರೂಢಿ. ಅದನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಬೆರಳು ತಾನೇ ಹೋಗಿ ಒರೆಸಿಕೊಂಡು ಬರುತ್ತದೆ, ಬೆರಳಿನ ಒಡೆಯನಿಗೆ ಸುದ್ದಿಯೇ ಇರುವುದಿಲ್ಲ. ಕಾರಿನಲ್ಲಿ ಕಂಬವಿಲ್ಲ. ಆದರೆ ಗಾಜು ಇಳಿಸಿದಾಗ ಮುಂದಿನ ರಬ್ಬರ್ ಸಂದು ಬಾಯಿ ತೆರೆದುಕೊಂಡಿರುತ್ತದೆ, ಬೆರಳಿಗೆ ಅಳತೆ ತೆಗೆದು ಮಾಡಿಸಿದ ಹಾಗೆ. ನಮ್ಮ ಮನೆಯಲ್ಲೂ ಮಾವನವರು ಕೂರುವ ಕುರ್ಚಿಯ ಪಕ್ಕದ ಹಸಿರು ಗೋಡೆಯ ಮೇಲೆ ಬಿಳಿಯ ಗೆರೆಗಳಿವೆ. ಅವು ಹಲ್ಲಿಯವೆಂದು ಗಿರಿಜಾ ನಂಬಿದ್ದಾಳೆ. ಒಮ್ಮೆ ನಾನು ಅನುಮಾನ ಹೇಳಿದ್ದಕ್ಕೆ, “ನಮ್ಮ ಊರ ಮನ್ಯಾಗ ಗ್ವಾಡಿ ಮ್ಯಾಲೆ ಒಂದರ ಗೆರಿ ಐತೇನ ನೋಡ್ರಿ ಹೋಗಿ” ಎಂದಿದ್ದಳು. ಇಲ್ಲ, ನಿಜ. ಊರ ಮನೆಯ ಗೋಡೆಗೆ ಮೇಲಿಂದ ಕೆಳಗೆ ಬಡಿದಿರುವುದೇ ಸುಣ್ಣ.

ಖಾಜಾಸಾಬ್ ಸಂದಿಯನ್ನೆಲ್ಲ ಕೆರೆದರು. ಕೆರೆಯಲು ಬಾರದ್ದಕ್ಕೆ ಹುಳಿ ಬೇಕೆಂದು ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು ಕಿತ್ತು ಹಿಂಡಿದರು. ದೃಷ್ಟಿಗೆಂದು ಗಿರಿಜಾ ಕಟ್ಟಿಸಿದ್ದು ಹೀಗೆ ಕೆಲಸಕ್ಕೆ ಬಂತು. ಮೋಟಾರಿಗೆ ಮತ್ತೆ ಜೋಡಿಸಿ ಗುಂಡಿ ಒತ್ತಿದರೆ ಗಾಜು ನಡುಮಧ್ಯಾಹ್ನದ ಬಿಸಿಲಲ್ಲಿ ಸರ್ರನೆ ಇಳಿಯಿತು. ತಮ್ಮ ವಿಜಯದ ಗುರುತಿಗೆ ಸುಣ್ಣದ ಹೆಕ್ಕಳೆಗಳನ್ನು ಪೇಪರಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು, “ನಾ ಮೊದಲ ಅಂದಿದ್ದೆ, ಮೋಟಾರಿಗೆ ಏನೂ ಆಗಿಲ್ಲ ಅಂತ” ಎಂದು ಹೇಳಿ, ಯಲಬುರ್ಗಾದಲ್ಲಿ ಕೆಟ್ಟು ನಿಂತ ಯಾವುದೋ ಜೀಪು ನೋಡಲು ಹೊರಟುಹೋದರು.

ಸುಣ್ಣದ ತೀರ್ಮಾನವೊಂದನ್ನು ಮಾತ್ರ ಮಾವನವರಿಗೆ ಫೋನಿನಲ್ಲಿ ಹೇಳದೆ, ನಾನು ಹಾಡು ಗುನುಗುತ್ತ ಮನೆಗೆ ಬಂದೆ. ಬಾಗಿಲಲ್ಲೇ ಗಿರಿಜಾ, ವಿದ್ಯಾ, ಊರಿನಿಂದ ಬಸ್ಸಿಗೆ ಬಂದಿಳಿದ ಮಾವನವರು ಮೂವರೂ ನಿಂತಿದ್ದರು. ಮೂವರ ಮುಖದಲ್ಲೂ ಗೆಲುವು. ಗಿರಿಜಾ ಓಡಿ ಬಂದು ಹೇಳಿದಳು: “ಬೀಗರು ಬರಾಕತ್ತಾರ್ರಿ! ಫ್ಯೂಸೋ, ಸ್ವಿಚ್ಚೋ, ಮೋಟಾರೋ, ನಂಗ ಯಾರ ಮಾತಿನ ಮ್ಯಾಲೂ ನಂಬಿಕಿಲ್ಲ, ಕೆಟ್ಟ ಗ್ಲಾಸ್ ನಾನ ಕಣ್ಣಿಂದ ನೋಡ್ತೀನಿ ಅಂದಾರ. ಕೆಟ್ಟಿದ್ದು ಖರೇ ಇದ್ರ ಇವತ್ತ ನಿಶ್ಚಯದ ದಿನಾ ಹಿಡದು ಹೋಗ್ತಾರಂತ!”

“ಗಾಜು ಸರಿ ಆಯ್ತು,” ಎಂದೆ.

ಗಿರಿಜಾ ಹಣೆ ಬಡಿದುಕೊಂಡಳು. ಆಮೇಲೆ ಮಾವನವರು ಬಾಯಿ ತೆರೆದರು. “ಲೇ ಈರ್ಯಾ! ಯಾವ ಶ್ಯಾಣ್ಯಾ ಹೇಳಿದ್ದ ನಿನಗ ರಿಪೇರಿ ಮಾಡ್ಸಂತ? ತೋರಸ್ಕೊಂಡು ಬಾ ಅಂದಿದ್ದೆ!”

ಕಾರು ಕೊಂಡ ದಿನದಿಂದ ಅದರ ಒಂದೊಂದು ಭಾಗವೂ ನಾನು ಬೇಡವೆಂದಾಗ ಕೆಟ್ಟಿದೆ. ಕೆಡಲಿ ಎಂದು ನಾನು ದೇವರನ್ನು ಬೇಡಿಕೊಂಡದ್ದು ಅದೊಂದೇ ದಿನ. ಗುಂಡಿ ಒತ್ತಿ ನೋಡಿದೆ, ಗಾಜು ಸಂತೋಷದಿಂದ ಇಳಿಯಿತು. ಖಾಜಾಸಾಬರಿಗೆ ಫೋನ್ ಮಾಡಿ ಮತ್ತೆ ಕೆಡಿಸುವ ಉಪಾಯ ಕೇಳಿದೆ. “ಕೆಡಸೂ ಕೆಲಸಕ್ಕ ನಾ ಬರಂಗಿಲ್ರಿ ಸರ್. ಅದನ್ನ ನೀವ ಛಲೋ ಮಾಡ್ತೀರಿ” ಎಂದು ಇಟ್ಟುಬಿಟ್ಟರು. ವಿದ್ಯಾ, “ಅಪ್ಪಾ, ಫ್ಯೂಸ್ ಕಿತ್ತು ಬಿಡು” ಎಂದಳು. ಒಂದನ್ನು ಕಿತ್ತೆ. ಹಾರ್ನ್ ನಿಂತುಹೋಯಿತು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ದೊಡ್ಡಬಸಪ್ಪನವರ ಜೀಪು ಓಣಿಯ ತಿರುವಿಗೆ ಬಂದಿತ್ತು.

ಅವರು ಮನೆಯೊಳಗೆ ಬರಲಿಲ್ಲ, ನೀರು ಮುಟ್ಟಲಿಲ್ಲ. ನೇರ ಕಾರಿನ ಹತ್ತಿರ ಹೋಗಿ, ಎಡಬದಿಯ ಬಾಗಿಲು ತೆರೆದು ಕೂತು, ಬಾಗಿಲು ಹಾಕಿಕೊಂಡರು. ನಾನು ಕೀ ತಿರುಗಿಸಿದೆ. ಅವರು ಗುಂಡಿ ಒತ್ತಿದರು. ಗಾಜು ಇಳಿಯಿತು. ಮತ್ತೆ ಒತ್ತಿದರು, ಏರಿತು. ಇನ್ನೊಮ್ಮೆ ಇಳಿಸಿ, ತೆರೆದ ಕಿಟಕಿಯಿಂದ ಮಾವನವರನ್ನು ನೋಡಿದರು.

“ಭಾಳ ಛಲೋ ಇಳೀತೈತಲ್ರಿ ಮಲ್ಲಪ್ಪನವರ. ನಮ್ಮ ಜೀಪಿಂದೂ ಇಷ್ಟು ಛಲೋ ಇಳ್ಯಂಗಿಲ್ಲ.”

ಮಾವನವರು ಚಂಚಿ ಬಿಚ್ಚಿದರು. ಸಂಕಟ ಬಂದಾಗ ಅವರ ಕೈ ತಾನಾಗಿಯೇ ಎಲೆಗೆ ಹೋಗುತ್ತದೆ. ವಿದ್ಯಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ನಗು ಪೂರ್ತಿ ಹೋಗಿತ್ತು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದು ದೊಡ್ಡಬಸಪ್ಪನವರ ಅಂಗೈಯಲ್ಲಿ ಬಿಚ್ಚಿದೆ. “ಬೀಗರ, ಇವತ್ತ ಮಧ್ಯಾಹ್ನ ರಿಪೇರಿ ಆತ್ರಿ. ಸಂದಿನ್ಯಾಗ ಇದು ಕಟ್ಟಿತ್ತು. ಬೇಕಾದ್ರ ಖಾಜಾಸಾಬರನ್ನ ಕೇಳ್ರಿ.”

ಅವರು ಒಂದು ಹೆಕ್ಕಳೆ ಎತ್ತಿ ಬೆಳಕಿಗೆ ಹಿಡಿದರು. ಅದರ ಮೇಲೆ ಬೆರಳಿನ ಗುರುತು ಚೆನ್ನಾಗಿ ಮೂಡಿತ್ತು. ಅವರ ಮೀಸೆ ಅಲುಗಿತು. “ಇದು ಎಲಿ ಸುಣ್ಣ! ಯಾರ್ರಿ ಕಾರಿಗೆ ಸುಣ್ಣಾ ಒರಸಿದ್ದು?”

ಮಾವನವರ ಕೈ ಎಲೆಯ ಮೇಲೆ ನಿಂತುಹೋಯಿತು. ತೋರುಬೆರಳ ತುದಿಯಲ್ಲಿ ಆಗತಾನೇ ತೆಗೆದ ಸುಣ್ಣ. ಅವರು ಆ ಬೆರಳನ್ನು, ಅದು ಬೇರೆ ಯಾರದೋ ಎಂಬಂತೆ ನೋಡಿದರು. ನಿಧಾನವಾಗಿ ಅವರಿಗೆ ಎಲ್ಲ ಅರ್ಥವಾಗುತ್ತಿದ್ದದ್ದು ನನಗೆ ಕಾಣಿಸಿತು. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮನುಷ್ಯ ಅಷ್ಟು ಸಣ್ಣದಾಗಿ ನಿಂತದ್ದನ್ನು ನಾನು ನೋಡಿರಲಿಲ್ಲ. ನಾಳೆ ಬೆಳಗಾಗುವಷ್ಟರಲ್ಲಿ ನಾಲ್ಕೂ ತಾಲ್ಲೂಕಿನಲ್ಲಿ ಜನ ಅವರನ್ನು ಹೆಸರಿಟ್ಟು ನಗುತ್ತಾರೆ ಎನ್ನುವುದು ನನಗೆ ಸಹಿಸಲಾಗಲಿಲ್ಲ.

“ನಾನ್ರಿ,” ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ಗಿರಿಜಾಳ ಬಾಯಿ ತೆರೆದೇ ಇತ್ತು. ದೊಡ್ಡಬಸಪ್ಪನವರು ವ್ಯಾಪಾರಸ್ಥರು, ಮಾಲು ಪರೀಕ್ಷಿಸದೆ ಬಿಡುವವರಲ್ಲ. “ಅಲ್ಲರಿ, ನೀವು ಕುಂದರೂದು ಡ್ರೈವರ್ ಸೀಟಿನ್ಯಾಗ. ಈ ಕಡೆ ಕಿಡಕಿಗೆ ಹೆಂಗ ಒರಸಿದ್ರಿ?”

“ಗಾಡಿ ನಿಲ್ಲಿಸಿ… ಈ ಕಡೆ ಬಂದು ಕುಂತು ತಿಂತೀನ್ರಿ. ಈ ಕಡೆ ಗಾಳಿ ಛಲೋ ಬರ್ತೈತಿ. ಮನ್ಯಾಗ ಗೊತ್ತಾಗಬಾರದು ಅಂತ.”

ಇಷ್ಟು ಸುಳ್ಳು ಒಟ್ಟಿಗೆ ನನ್ನ ಬಾಯಿಂದ ಎಂದೂ ಬಂದಿರಲಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ ಅದನ್ನು ಎಲ್ಲರೂ ನಂಬಿದರು. ಅಷ್ಟರಲ್ಲಿ ಮಾವನವರು ಚೇತರಿಸಿಕೊಂಡಿದ್ದರು. ಗಂಟಲು ಸರಿಮಾಡಿಕೊಂಡು ಶುರುಮಾಡಿದರು: “ಅಳಿಯಂದ್ರ, ಇದು ಛಲೋ ಅಲ್ರಿ. ತಿನ್ನೂದಕ್ಕ ಒಂದು ರೀತಿ ಐತಿ. ಸುಣ್ಣಾ ಹಂಗ ಎಲ್ಲೆಂದರಲ್ಲಿ ಒರಸಬಾರದು. ಕಲಿತವರು ನೀವು. ಪುಸ್ತಕದ ನಡುವ ಇರೋರು. ನಾವು ಹಳ್ಳಿ ಮಂದಿ ಆದ್ರೂ ಇಂಥಾದ್ದು ಮಾಡಂಗಿಲ್ಲ.” ಹೇಳುತ್ತ ಹೇಳುತ್ತ ಅವರಿಗೇ ಆ ಮಾತು ನಿಜವೆನ್ನಿಸತೊಡಗಿ ದನಿ ಏರಿತು. ನಾನು ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿದೆ.

ದೊಡ್ಡಬಸಪ್ಪನವರು ಕಾರಿನಿಂದ ಇಳಿಯುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಸಾಕ್ ಬಿಡ್ರಿ ಮಲ್ಲಪ್ಪನವರ, ಬೈಬ್ಯಾಡ್ರಿ. ಗ್ರಂಥಪಾಲಕರು ಅಂದ್ರ ಬರೇ ಚಾ ಕುಡಿಯೂ ಮಂದಿ, ನಮಗ ಕೂಡಂಗಿಲ್ಲ ಅಂತ ಅನ್ಕೊಂಡಿದ್ದೆ. ಇವರೂ ನಮ್ಮವರ ಅದಾರ!” ಎಂದು ನನ್ನ ಬೆನ್ನಿಗೆ ಗುದ್ದಿ, ಒಳಗೆ ಬಂದು ಚಾಪೆಯ ಮೇಲೆ ಕೂತು, ತಮ್ಮ ಕೈಯಾರೆ ಎರಡು ಎಲೆಗೆ ಸುಣ್ಣ ಬಳಿದು ನನ್ನ ಮುಂದೆ ಹಿಡಿದರು. ಜನ್ಮದಲ್ಲಿ ಎಲೆ ಹಾಕದವನು ನಾನು. ಆದರೆ ಬೀಗರ ಕೈಯ ಎಲೆ, ಮಗಳ ಮದುವೆ. ಬಾಯಿಗಿಟ್ಟು ಜಗಿದೆ. ನಾಲಿಗೆಗೆ ಕೆಂಡ ಬಿದ್ದಂತಾಯಿತು, ಕಣ್ಣಲ್ಲಿ ನೀರು ಸುರಿಯಿತು. ಅದನ್ನು ಹೆಣ್ಣು ಹೆತ್ತವನ ಆನಂದವೆಂದು ತಿಳಿದು ಅವರಿಗೂ ಕಣ್ಣು ತುಂಬಿದವು. ಅಲ್ಲೇ ನಿಶ್ಚಯದ ದಿನ ಗೊತ್ತಾಯಿತು. ವಿದ್ಯಾ ಒಳಗೆ ಓಡಿಹೋಗಿ ಯಾರಿಗೋ ಪಿಸುಮಾತಿನಲ್ಲಿ ಫೋನ್ ಮಾಡುತ್ತಿದ್ದದ್ದು ಅಡುಗೆಮನೆಯವರೆಗೆ ಕೇಳಿಸುತ್ತಿತ್ತು.

ಜೀಪು ಹೋದ ಮೇಲೆ ಅಂಗಳದಲ್ಲಿ ಮಾವನವರೂ ನಾನೂ ಇಬ್ಬರೇ ಉಳಿದೆವು. ಅವರು ಎಲೆ ಮಡಿಸುತ್ತ ನಿಂತಿದ್ದರು. ಅದನ್ನು ಬಾಯಿಗಿಟ್ಟುಕೊಂಡು, ಹತ್ತಿರ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟರು. “ಲೇ ಈರ್ಯಾ,” ಎಂದರು, ಸಿಟ್ಟಿಲ್ಲದೆ, ನಾನು ಚಡ್ಡಿ ಹಾಕುತ್ತಿದ್ದ ಕಾಲದ ದನಿಯಲ್ಲಿ. ಹೆಗಲನ್ನು ಒಮ್ಮೆ ಮೆಲ್ಲಗೆ ಸವರಿ ಒಳಗೆ ಹೋದರು. ನನಗೆ ಎದೆ ತುಂಬಿ ಬಂತು. ಇಂಥ ಮಾವನಿಗಾಗಿ ಏನು ಕೆಟ್ಟ ಹೆಸರು ಬಂದರೂ ಬರಲಿ ಎಂದುಕೊಂಡು ನಾನೂ ಮನೆಯೊಳಗೆ ಹೋದೆ.

ಗಿರಿಜಾ ನನ್ನ ದಾರಿಯನ್ನೇ ಕಾಯುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದವಳು ಹೆಗಲ ಹತ್ತಿರ ಬಂದು ನಿಂತುಬಿಟ್ಟಳು. ಅಲ್ಲಿ, ಇಸ್ತ್ರಿ ಮಾಡಿದ ನೀಲಿ ಅಂಗಿಯ ಮೇಲೆ, ಒಂದು ಬೆರಳಿನ ಅಗಲದ ಬಿಳಿಯ ಗೆರೆ ಇನ್ನೂ ಹಸಿಯಾಗಿತ್ತು.

“ಅಯ್ಯ, ಅಂಗಿಗೂ ಒರಸ್ಕೊಂಡೀರಲ್ರಿ!”

ಹೇಳೋಣವೆಂದು ಬಾಯಿ ತೆರೆದೆ. ಸುಟ್ಟ ನಾಲಿಗೆ ಹೊರಳದೆ “ಮಾ… ಮಾ…” ಎಂದಷ್ಟೇ ಬಂತು.

“ಸಾಕ್ರಿ, ಅವರ ಹೆಸರ ಯಾಕ ತರ್ತೀರಿ ನಡುವ? ಇಷ್ಟು ವರ್ಷ ಮುಚ್ಚಿಟ್ಟು ತಿಂದ್ರಿ, ಇರಲಿ. ಇನ್ನ ಮ್ಯಾಲೆ ಮನ್ಯಾಗ ಕುಂತು ತಿನ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ತಿಂದ ಮ್ಯಾಲೆ ಬೆರಳ ಹೆಂಗ ಸ್ವಚ್ಛ ಇಟ್ಕೋಬೇಕು ಅನ್ನೂದನ್ನ ಒಂಚೂರು ನಮ್ಮಪ್ಪನ್ನ ನೋಡಿ ಕಲೀರಿ.”